ಮರೆ, ಮನೆತನ, ದುಡಿಮೆ: ಮಾಣಿ ಸೀಮೆಯ ಪರ್ದಾ ಕುರಿತು

ಪರ್ದಾವನ್ನು ಮುಸ್ಲಿಮರ ಲೆಕ್ಕಕ್ಕೆ ಬರೆಯುವುದು, ರಜಪೂತ ಹೆಂಗಸರ ಮುಸುಕಾದ ಘೂಂಘಟ್ ನೆನಪಾದರೆ ಅದನ್ನೂ ಸುಲ್ತಾನರ ಪ್ರಭಾವವೆಂದು ಕೈತೊಳೆದುಕೊಳ್ಳುವುದು ನಮ್ಮ ರೂಢಿ. ದಕ್ಷಿಣ ಕನ್ನಡದ ಮಾಣಿಯ ಸುತ್ತ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಮಟ್ಟಿಗೆ ಈ ವಿವರಣೆ ನಿಲ್ಲುವುದಿಲ್ಲ. ಇಲ್ಲಿ ಹೆಣ್ಣು ಒಳಗಿರಬೇಕೋ ಹೊರಗೆ ಬರಬಹುದೋ ಎಂಬುದನ್ನು ಧರ್ಮಕ್ಕಿಂತ ಹೆಚ್ಚಾಗಿ ಆಸ್ತಿಯೂ ದುಡಿಮೆಯೂ ನಿರ್ಧರಿಸಿವೆ.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲಾ ವಾಲೆ ಉಳ್ಳಾಲದ ರಾಣಿಯನ್ನು ಮಣೇಲಿನಲ್ಲಿ ಕಂಡ. ಆಕೆಯದು ಮೂಡುಬಿದಿರೆಯನ್ನೂ ಆಳಿದ ಚೌಟರ ಮನೆತನ. ಆಕೆ ಅಂತಃಪುರದಲ್ಲಿ ಕೂತಿರಲಿಲ್ಲ; ನೀರಿನ ಕಾಲುವೆಯ ಕೆಲಸ ನೋಡಲು ಬರಿಗಾಲಲ್ಲಿ ಹೊರಟಿದ್ದಳು. ಇಲ್ಲಿನ ಹಲವು ಸಮುದಾಯಗಳ ಅಳಿಯಸಂತಾನ ಪದ್ಧತಿಯಲ್ಲಿ ಆಸ್ತಿ ಹೆಣ್ಣಿನ ಕವಲಿನಲ್ಲಿ ಇಳಿಯುತ್ತಿತ್ತು. ಯಜಮಾನಿಕೆ ಬಹುಮಟ್ಟಿಗೆ ಸೋದರಮಾವನ ಕೈಯಲ್ಲಿತ್ತು, ನಿಜ. ಆದರೆ ತವರಿನಲ್ಲೇ ಹಕ್ಕುಳ್ಳವಳಿಗೆ ಗಂಡನ ಮನೆಯ ಹಿರಿಯರೆದುರು ಮುಖ ಮುಚ್ಚುವ ಪ್ರಮೇಯ ಬರಲಿಲ್ಲ. ಅಳಿಯಸಂತಾನವಿಲ್ಲದ ಬ್ರಾಹ್ಮಣರ ಮನೆಗಳ ಕಥೆ ಬೇರೆ. ತಲೆ ಬೋಳಿಸಿ, ಕೆಂಪು ಸೀರೆಯ ಸೆರಗು ಹೊದಿಸಿ, ಅಡುಗೆಮನೆಯ ಕತ್ತಲೆಗೆ ತಳ್ಳಿದ ಬಾಲವಿಧವೆಯರ ಬದುಕನ್ನು ಪರ್ದಾ ಎಂದು ಯಾರೂ ಕರೆಯಲಿಲ್ಲ. ಕರೆಯಬೇಕಿತ್ತು.

ಮುಸ್ಲಿಮರಲ್ಲೂ ತಲೆ ಮುಚ್ಚುವುದು, ಮನೆಯೊಳಗೆ ಕೂಡಿಹಾಕುವುದು ಎರಡೂ ಒಂದೇ ಆಗಿರಲಿಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಪ್ರವಾಸಿ ಇಬ್ನ್ ಬತೂತ, ಹೊಲಿಯದ ಬಟ್ಟೆಯ ಸೆರಗನ್ನು ತಲೆಗೆ ಹೊದ್ದ ಹೆಂಗಸರನ್ನೂ ಹುಡುಗಿಯರ 13 ಶಾಲೆಗಳನ್ನೂ ಕಂಡುದಾಗಿ ಬರೆದಿದ್ದಾನೆ. ಮಾಣಿ ಕಡೆಯ ಬ್ಯಾರಿ ಮುಸ್ಲಿಮರಲ್ಲಿ ಹೆಂಗಸರನ್ನು ಒಳಗೇ ಇರಿಸಿಕೊಳ್ಳುವುದು ಉಳ್ಳವರ ಅಂತಸ್ತಿನ ಗುರುತಾಗಿತ್ತು. ಬಡವರಿಗೆ ಅದು ಕೈಗೆಟುಕುತ್ತಿರಲಿಲ್ಲ. ಬೀಡಿ ಉದ್ಯಮ ಈ ಲೆಕ್ಕವನ್ನು ಬದಲಿಸಿತು. ತಡ್ಪೆಯಲ್ಲಿ (ಮೊರದಲ್ಲಿ) ಎಲೆ, ಹೊಗೆಸೊಪ್ಪು ಇಟ್ಟುಕೊಂಡು ಜಗಲಿಯಲ್ಲೇ ಸಂಪಾದಿಸಬಹುದಾಯಿತು. ಬಿಲ್ಲವರ ಮನೆಯಲ್ಲೂ ಬ್ಯಾರಿಗಳ ಮನೆಯಲ್ಲೂ ಅದೇ ಕೆಲಸ. 1966ರ ಬೀಡಿ ಕಾರ್ಮಿಕರ ಕಾಯಿದೆ ಮನೆಯಲ್ಲಿ ಕಟ್ಟುವವರನ್ನೂ ಕಾರ್ಮಿಕರೆಂದು ಒಪ್ಪಿತು. ಹೊಸ್ತಿಲು ದಾಟದೆ ದುಡಿಯುವುದು ಅನುಕೂಲವೂ ಹೌದು, ಕಟ್ಟೂ ಹೌದು.

ಕಪ್ಪು ಬುರ್ಖಾ ಇಲ್ಲಿ ವ್ಯಾಪಕವಾದದ್ದು ಗಲ್ಫ್ ದುಡಿಮೆಯ ಕಾಲದಲ್ಲಿ. ಅದನ್ನು ಹಳೆಯ ಕಟ್ಟುಪಾಡಿನ ಪಳೆಯುಳಿಕೆಯೆಂದು ಓದುವುದು ತಪ್ಪು. ಮಾಣಿಯಲ್ಲಿ ಬಸ್ಸಿಗೆ ಕಾಯುವ ಹುಡುಗಿಗೆ ಅದು ಮನೆಯವರ ಒಪ್ಪಿಗೆ ಪಡೆದು ಕಾಲೇಜಿಗೆ ಹೊರಡುವ ಉಡುಪು. ಹಾಗೆಂದು ಅದರ ಹಿಂದಿನ ಒತ್ತಡವನ್ನು ಮರೆಯಬೇಕಿಲ್ಲ. ಲೇಖಕಿ ಸಾರಾ ಅಬೂಬಕ್ಕರ್ ತಮ್ಮ ಸಮುದಾಯದ ಹೆಣ್ಣುಮಕ್ಕಳ ಇಕ್ಕಟ್ಟನ್ನು ಬರೆದು, ಸಂಪ್ರದಾಯಸ್ಥರ ವಿರೋಧ ಎದುರಿಸಿದವರು. ಆದರೆ ಸಮವಸ್ತ್ರದ ಹೆಸರಿನಲ್ಲಿ ತರಗತಿಯಲ್ಲಿ ಹಿಜಾಬನ್ನು ತಡೆದ 2022ರ ಫೆಬ್ರವರಿಯ ಸರ್ಕಾರಿ ಆದೇಶ ಎದುರಿಸಿದ್ದು ಆ ಒತ್ತಡವನ್ನಲ್ಲ, ತರಗತಿಯ ಬಾಗಿಲಿಗೆ ಬಂದ ಹುಡುಗಿಯನ್ನು. ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟು ಆ ಆದೇಶವನ್ನು ಎತ್ತಿಹಿಡಿಯಿತು; ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿ, ಪ್ರಕರಣವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಡಲು ಸೂಚಿಸಿದರು.