ಸುಂಕದವನ ಮುಂದೆ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಹೇರೆತ್ತುಗಳನ್ನು ಹೊಡೆದುಕೊಂಡು ಬಂದ ವ್ಯಾಪಾರಿ ಕಟ್ಟೆಯ ಬಳಿ ನಿಲ್ಲುತ್ತಾನೆ. ಮಳೆಗೆ ಸರಕು ನೆನೆದುದು, ಕಣಿವೆಯಲ್ಲಿ ಒಂದು ಎತ್ತು ಸತ್ತುದು, ಮನೆಯಲ್ಲಿ ಮಗಳ ಮದುವೆ ನಿಂತಿರುವುದು, ಎಲ್ಲವನ್ನೂ ಹೇಳಿಕೊಳ್ಳುತ್ತಾನೆ. ಸುಂಕದವನು ಎಲ್ಲವನ್ನೂ ಕೇಳಿ, ಕೊನೆಗೆ ಕೈ ಚಾಚುತ್ತಾನೆ. ಅವನು ಕಟುಕನೆಂದಲ್ಲ, ಎಣಿಸಿ ತೆಗೆದುಕೊಳ್ಳುವುದು ಅವನ ಕೆಲಸ, ಕೇಳುವುದು ಅವನ ಕೆಲಸವಲ್ಲ. ಈ ಗಾದೆಯ ಬೆನ್ನ ಹಿಂದೆ ನಮ್ಮ ಜನ ಶತಮಾನಗಳ ಕಾಲ ದಾರಿಯಲ್ಲಿ ನಡೆದು, ನಿಂತು, ಕೊಟ್ಟು ಪಡೆದ ಅನುಭವವಿದೆ. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ಎಂಬ ಬಡಾವಣೆಯುಂಟು. ಅದೇ ರಸ್ತೆಯಲ್ಲಿ ಟೋಲ್‌ಗೇಟ್ ಎಂದು ಕರೆಯಲ್ಪಡುವ ಸ್ಥಳವೂ ಉಂಟು. ಎರಡು ಭಾಷೆಗಳ ಈ ಎರಡು ಹೆಸರುಗಳು ಒಂದೇ ಪ್ರಶ್ನೆಯನ್ನು ನಮ್ಮ ಮುಂದಿಡುತ್ತವೆ: ದಾರಿಗೆ ಹಣ ಕೊಡುವವನಿಗೂ ಅದನ್ನು ತೆಗೆದುಕೊಳ್ಳುವವನಿಗೂ ಇರುವ ಸಂಬಂಧವೇನು? ಕೊಡುವವನಿಗೆ ಕೊಡುವ ಕರ್ತವ್ಯ ಉಂಟಷ್ಟೆ. ತೆಗೆದುಕೊಳ್ಳುವವನಿಗೆ ಏನಾದರೂ ಹೊಣೆಯುಂಟೆ?

ಈ ಪ್ರಶ್ನೆಗೆ ಬಹು ಹಳೆಯದಾದ ಒಂದು ಉತ್ತರ ನಮಗೆ ದೊರೆತದ್ದು ಮೈಸೂರಿನಲ್ಲಿಯೇ. ಹೆಸರು ಮಾತ್ರ ಕೇಳಿಬರುತ್ತಿದ್ದ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಯೋಲೆಯ ಪ್ರತಿ ಮೈಸೂರಿನ ಓರಿಯಂಟಲ್ ಗ್ರಂಥಾಲಯವನ್ನು ಸೇರಿತು. ಅಲ್ಲಿದ್ದ ಪಂಡಿತ ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಆ ಗ್ರಂಥದಲ್ಲಿ ಸುಂಕದ ಅಧಿಕಾರಿಗೆಂದೇ ಮೀಸಲಾದ ಭಾಗವಿದೆ. ಊರಿನ ಮಹಾದ್ವಾರದ ಬಳಿ ಸುಂಕದ ಮನೆ ಇರಬೇಕು, ಅದರ ಮೇಲೆ ಬಾವುಟ ಹಾರುತ್ತಿರಬೇಕು; ಬಂದ ವರ್ತಕ ಯಾರು, ಎಲ್ಲಿಯವನು, ಎಷ್ಟು ಸರಕು ತಂದಿದ್ದಾನೆ ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಇದು ಸರಕಿನ ಮೇಲಿನ ಶುಲ್ಕ. ನಮ್ಮ ಸುಂಕ ಎಂಬ ಮಾತು ಈ ಶುಲ್ಕದ ತದ್ಭವವೇ.

ಆದರೆ ಕೌಟಿಲ್ಯ ಅಷ್ಟಕ್ಕೇ ನಿಲ್ಲಿಸದೆ, ದಾರಿಯ ಹಣವನ್ನು ಸರಕಿನ ಸುಂಕದಿಂದ ಬೇರ್ಪಡಿಸುತ್ತಾನೆ. ಅದಕ್ಕೆ ಅವನು ಕೊಟ್ಟ ಹೆಸರು ವರ್ತನಿ. ಅದನ್ನು ವಸೂಲು ಮಾಡುವವನು ಗಡಿ ಕಾಯುವ ಅಂತಪಾಲ. ಸರಕು ತುಂಬಿದ ಬಂಡಿಗೆ ಒಂದೂಕಾಲು ಪಣ, ಕುದುರೆ ಕತ್ತೆಗಳಂಥ ಒಂಟಿ ಗೊರಸಿನ ಪ್ರಾಣಿಗೆ ಒಂದು ಪಣ, ದನಕ್ಕೆ ಅರ್ಧ ಪಣ, ಆಡು ಕುರಿಗಳಿಗೆ ಕಾಲು ಪಣ, ಹೆಗಲ ಹೊರೆಗೆ ಒಂದು ಮಾಷ, ಅಂದರೆ ಪಣದ ಹದಿನಾರನೆಯ ಒಂದು ಪಾಲು. ಭಾರಕ್ಕೆ ತಕ್ಕಂತೆ ದರ ಇಳಿಯುತ್ತ ಬರುವ ಈ ಪಟ್ಟಿಯನ್ನು ನೋಡಿದರೆ, ಇಂದಿನ ಹೆದ್ದಾರಿಯ ಪಕ್ಕದ ಫಲಕದಲ್ಲಿ ಲಾರಿ, ಬಸ್ಸು, ಕಾರುಗಳಿಗೆ ಪ್ರತ್ಯೇಕವಾಗಿ ಬರೆದ ದರಗಳು ನೆನಪಾಗದಿರವು. ಆದರೆ ಪಟ್ಟಿಯ ಮರುಸಾಲಿನಲ್ಲಿ ಬರುವ ವಿಧಿ ಇದಕ್ಕಿಂತ ದೊಡ್ಡದು. ದಾರಿಯಲ್ಲಿ ವರ್ತಕನ ವಸ್ತು ಕಳೆದುಹೋದರೆ ಅಥವಾ ಕಳುವಾದರೆ ಅದನ್ನು ಅಂತಪಾಲನೇ ತುಂಬಿಕೊಡಬೇಕು! ಹಣ ಪಡೆದವನು ದಾರಿಗೆ ಜವಾಬುದಾರ. ವರ್ತನಿಯೆಂಬುದು ದೊರೆಗೆ ಒಪ್ಪಿಸುವ ಕಪ್ಪವಲ್ಲ. ಕೊಡುವವನಿಗೂ ಪಡೆಯುವವನಿಗೂ ನಡುವೆ ನಡೆದ ಒಂದು ಕರಾರು. ಈ ವಿಧಿ ಎಷ್ಟರ ಮಟ್ಟಿಗೆ ಆಚರಣೆಗೆ ಬಂದಿತೆಂಬುದು ಬೇರೆ ಮಾತು. ಹಾಗೆ ಇರಬೇಕೆಂದು ಒಬ್ಬ ಶಾಸ್ತ್ರಕಾರ ಬರೆದಿಟ್ಟನೆಂಬುದೇ ಸಾಕು.

ನಮ್ಮ ನಾಡಿನ ಶಾಸನಗಳಿಗೆ ಬಂದರೆ ಸುಂಕದ ದೊಡ್ಡ ಸಂಸಾರವೇ ಕಾಣುತ್ತದೆ. ಚಾಲುಕ್ಯ, ಹೊಯ್ಸಳರ ಕಾಲದ ಶಿಲೆಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಸುಂಕದ ಹೆಗ್ಗಡೆಗಳೆಂಬ ಅಧಿಕಾರಿಗಳೂ ಬರುತ್ತಾರೆ. ಪೆರ್ಜುಂಕ ದೊಡ್ಡ ಸುಂಕ. ಚಿಲ್ಲರೆ ಬಾಬುಗಳಿಗೆ ಕಿರುಕುಳವೆಂಬ ಹೆಸರಿತ್ತು. ಅದೇ ಕಿರುಕುಳ ಇಂದು ನಮ್ಮ ಬಾಯಲ್ಲಿ ಯಾವ ಅರ್ಥದಲ್ಲಿ ಉಳಿದಿದೆಯೆಂಬುದನ್ನು ವಿವರಿಸಬೇಕಾಗಿಲ್ಲ. ಅಯ್ಯಾವೊಳೆಯ ಐನೂರ್ವರೆಂಬ ಪ್ರಸಿದ್ಧ ವರ್ತಕ ಸಂಘದವರು ಈ ದಾರಿಗಳಲ್ಲಿ ನಾಡಿನಿಂದ ನಾಡಿಗೆ ಸಂಚರಿಸುತ್ತಿದ್ದರು. ದೇವಾಲಯಕ್ಕೆ ಸುಂಕದ ಒಂದು ಪಾಲನ್ನು ಬಿಟ್ಟುಕೊಡುವುದು, ಇಷ್ಟು ಎತ್ತುಗಳ ಹೇರಿಗೆ ಸುಂಕವಿಲ್ಲವೆಂದು ಮಾನ್ಯ ಮಾಡುವುದು ಶಾಸನಗಳ ಸಾಮಾನ್ಯ ವಿಷಯ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಯಾವುದರ ಮೇಲೆ ಸುಂಕ, ಅದು ಯಾರಿಗೆ ಸಲ್ಲತಕ್ಕದ್ದು ಎಂಬುದನ್ನು ಕಲ್ಲಿನಲ್ಲಿ ಕೊರೆದು, ಹತ್ತು ಜನ ನೋಡುವ ಕಡೆ ನಿಲ್ಲಿಸುತ್ತಿದ್ದರು.

ಮುಂದಿನ ಕಾಲದಲ್ಲಿ ಕರಾರು ಮರೆಯಾಗಿ ಕಟ್ಟೆಗಳು ಮಾತ್ರ ಉಳಿದವು. ಒಂದೇ ಸರಕು ಒಂದೇ ದಾರಿಯಲ್ಲಿ ಹತ್ತು ಕಡೆ ನಿಂತು ಹತ್ತು ಸಲ ಹಣ ಕೊಡುವಂತಾಯಿತು. ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯಲ್ಲಿ ಬಂಗಾಳ ಪ್ರಾಂತದ ಒಳನಾಡಿನ ಸುಂಕಗಳನ್ನು ಕುರಿತು ಚಾರ್ಲ್ಸ್ ಟ್ರೆವೆಲಿಯನ್ ಎಂಬ ಅಧಿಕಾರಿ ವಿಸ್ತಾರವಾದ ವರದಿಯೊಂದನ್ನು ಬರೆದನು. ಖಜಾನೆಗೆ ಸೇರುತ್ತಿದ್ದ ಹಣಕ್ಕಿಂತ ಚೌಕಿಗಳಲ್ಲಿ ಜನ ಪಡುತ್ತಿದ್ದ ಪಾಡೇ ದೊಡ್ಡದೆಂಬುದು ಅದರ ಸಾರ. ಆ ಬಳಿಕ ಬಂಗಾಳದಲ್ಲಿ 1836ರಲ್ಲಿ, ಮುಂಬಯಿ ಪ್ರಾಂತದಲ್ಲಿ 1838ರಲ್ಲಿ, ಮದರಾಸಿನಲ್ಲಿ 1844ರಲ್ಲಿ ಈ ಸುಂಕಗಳು ರದ್ದಾದವು. ಮೈಸೂರು ಸೀಮೆಯಲ್ಲಿ ಸರ್ ಮಾರ್ಕ್ ಕಬ್ಬನ್ ಕಮಿಷನರಾಗಿದ್ದ 1834ರಿಂದ 1861ರವರೆಗಿನ ಅವಧಿಯಲ್ಲಿ 769 ಬಗೆಯ ಚಿಲ್ಲರೆ ತೆರಿಗೆಗಳನ್ನು ತೆಗೆದುಹಾಕಲಾಯಿತೆಂದು ಮೈಸೂರು ಗ್ಯಾಸೆಟಿಯರಿನಲ್ಲಿ ದಾಖಲಾಗಿದೆ. 769 ಬಗೆಗಳೆಂದರೆ, ಅವುಗಳ ಹೆಸರನ್ನಾದರೂ ಪೂರ್ತಿ ಬಲ್ಲ ರೈತನೊಬ್ಬ ಇದ್ದನೆಂದು ನಂಬುವುದು ಕಷ್ಟ. ತಿಳಿಯದ ಸುಂಕವನ್ನು ಕೊಡುವವನು ಕೇಳಿದಷ್ಟು ಕೊಡಬೇಕಾಗುತ್ತದೆ. ಕಿರುಕುಳ ಹುಟ್ಟುವುದು ಅಲ್ಲಿಯೇ.

ಇದೇ ಕಾಲದಲ್ಲಿ ಬ್ರಿಟನ್ನಿನ ಜನವೂ ತಮ್ಮ ಊರಿನ ಸುಂಕದವನ ಮುಂದೆ ನಿಂತಿದ್ದರು. ಅಲ್ಲಿ ಹಿಂದೆ ರಸ್ತೆಗಳನ್ನು ದುರಸ್ತಿ ಮಾಡುವ ಭಾರ ಗ್ರಾಮಸ್ಥರ ಮೇಲಿತ್ತು. 1555ರ ಕಾನೂನಿನಂತೆ ವರ್ಷಕ್ಕೆ ನಾಲ್ಕು ದಿನ, ಬಳಿಕ ಆರು ದಿನ, ಬಿಟ್ಟಿ ದುಡಿಯಬೇಕಾಗಿತ್ತು. ಲಂಡನ್ನಿಗೆ ಹೋಗುವ ಭಾರದ ಬಂಡಿಗಳು ಹಾಳುಗೆಡವಿದ ರಸ್ತೆಯನ್ನು ನಡುದಾರಿಯ ಹಳ್ಳಿಗರು ಏಕೆ ಸರಿಪಡಿಸಬೇಕು ಎಂಬ ಪ್ರಶ್ನೆ ಹುಟ್ಟಿತು. ಬಳಸುವವನೇ ಕೊಡಲಿ ಎಂಬ ತತ್ತ್ವದ ಮೇಲೆ 1663ರಲ್ಲಿ ಮೊದಲ ಟೋಲ್ ಕಾನೂನು ಬಂದಿತು. ಮುಂದೆ ಪಾರ್ಲಿಮೆಂಟು ಸ್ಥಳೀಯ ಗಣ್ಯರ ಮಂಡಲಿಗಳಿಗೆ, ಅಂದರೆ ಟರ್ನ್‌ಪೈಕ್ ಟ್ರಸ್ಟುಗಳಿಗೆ, ಈ ಅಧಿಕಾರವನ್ನು ಸಾಮಾನ್ಯವಾಗಿ 21 ವರ್ಷಗಳ ಅವಧಿಗೆ ಕೊಡುತ್ತ ಹೋಯಿತು. ಸಾಲ ತೀರಿದ ಮೇಲೆ ರಸ್ತೆ ಮುಕ್ತವಾಗಬೇಕೆಂಬುದು ಉದ್ದೇಶ. ಆದರೆ ಸಾಲ ತೀರಲಿಲ್ಲ, ಅವಧಿ ಮತ್ತೆ ಮತ್ತೆ ಬೆಳೆಯಿತು. 1830ರ ದಶಕದ ವೇಳೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು ಸಾವಿರ ಟ್ರಸ್ಟುಗಳು, ಇಪ್ಪತ್ತು ಸಾವಿರ ಮೈಲಿಗೂ ಮೀರಿದ ರಸ್ತೆ ಇದ್ದವು. ರಸ್ತೆಗಳು ನಿಜವಾಗಿಯೂ ಸುಧಾರಿಸಿದವು, ಪ್ರಯಾಣದ ಕಾಲ ತಗ್ಗಿತು ಎಂಬುದನ್ನು ಮರೆಯಬಾರದು. ಕೆಟ್ಟದ್ದು ತತ್ತ್ವವಲ್ಲ, ನಡೆಸಿದ ಬಗೆ. ಕಟ್ಟೆಗಳನ್ನು ಹರಾಜಿನಲ್ಲಿ ಗುತ್ತಿಗೆಗೆ ಕೊಡುತ್ತಿದ್ದರು. ಗುತ್ತಿಗೆದಾರನಿಗೆ ರಸ್ತೆಯ ಚಿಂತೆಯಿಲ್ಲ, ವಸೂಲಿಯದೊಂದೇ ಚಿಂತೆ.

ಇದರ ಫಲವನ್ನು ಉಂಡವರು ನೈಋತ್ಯ ವೇಲ್ಸ್‌ನ ಬಡ ರೈತರು. ಅಲ್ಲಿಯ ಹುಳಿಮಣ್ಣಿಗೆ ಸುಣ್ಣ ಹಾಕದಿದ್ದರೆ ಬೆಳೆಯಿಲ್ಲ. ಸುಣ್ಣವನ್ನು ದೂರದ ಗೂಡುಗಳಿಂದ ಬಂಡಿಯಲ್ಲಿ ತರಬೇಕು. ಬೇರೆ ಬೇರೆ ಟ್ರಸ್ಟುಗಳ ಎಲ್ಲೆಗಳು ಸೇರುವ ಕಡೆ ಕೆಲವೇ ಮೈಲಿಗಳಲ್ಲಿ ಹಲವು ಗೇಟುಗಳು. ಒಳದಾರಿ ಹಿಡಿದು ತಪ್ಪಿಸಿಕೊಳ್ಳೋಣವೆಂದರೆ ಅಲ್ಲಿಯೂ ಅಡ್ಡಗಂಬ. ಸುಣ್ಣಕ್ಕೆ ಕೊಡುವುದಕ್ಕಿಂತ ದಾರಿಗೆ ಕೊಡುವುದೇ ಭಾರವೆಂದು ಜನ ಗೊಣಗಿದರು. 1839ರ ಮೇ 13ರ ರಾತ್ರಿ ಎವೈಲ್‌ವೆನ್ ಎಂಬಲ್ಲಿ ರೈತರ ಗುಂಪೊಂದು ಹೆಂಗಸರ ಉಡುಪು ತೊಟ್ಟು, ಮುಖಕ್ಕೆ ಮಸಿ ಬಳಿದುಕೊಂಡು ಬಂದು ಹೊಸ ಗೇಟನ್ನು ಕಡಿದುಹಾಕಿತು. ಮುಂದಾಳಿನ ಹೆಸರು ರೆಬೆಕ್ಕ. ಹಗೆಗಳ ಬಾಗಿಲನ್ನು ನಿನ್ನ ಸಂತತಿ ವಶಮಾಡಿಕೊಳ್ಳಲಿ ಎಂಬ ಅರ್ಥದ ಹರಕೆಯನ್ನು ಬೈಬಲ್ಲಿನಲ್ಲಿ ರೆಬೆಕ್ಕಳು ಪಡೆಯುತ್ತಾಳೆ. ಚಪೆಲ್ಲಿನಲ್ಲಿ ಬೈಬಲ್ ಕೇಳಿ ಬೆಳೆದ ಆ ರೈತರಿಗೆ ಬಾಗಿಲೆಂದರೆ ಟೋಲ್ ಗೇಟೇ ಆಯಿತು. 1842ರ ಕೊನೆಯಿಂದ 1843ರವರೆಗೆ ಗೇಟುಗಳು ಒಂದಾದ ಮೇಲೊಂದು ಉರುಳಿದವು. ಈ ಕೋಪಕ್ಕೆ ಬಲಿಯಾದವಳು ಗುತ್ತಿಗೆದಾರನಲ್ಲ, ಟ್ರಸ್ಟಿನ ಗಣ್ಯನೂ ಅಲ್ಲ: 1843ರ ಸೆಪ್ಟೆಂಬರಿನಲ್ಲಿ ಹೆಂಡಿ ಎಂಬಲ್ಲಿ ಗೇಟು ಕಾಯುತ್ತಿದ್ದ ಸಾರಾ ವಿಲಿಯಮ್ಸ್ ಎಂಬ ಮುದುಕಿ. ಸುಂಕದವನ ಸ್ಥಾನದಲ್ಲಿ ಕುಳಿತವರು ಬಹುಮಟ್ಟಿಗೆ ಬಡವರೇ ಎಂಬುದನ್ನು ಗಾದೆ ಹೇಳುವಾಗ ನಾವು ನೆನೆಯುವುದಿಲ್ಲ.

ಸರ್ಕಾರ ಸೈನ್ಯವನ್ನು ಕಳಿಸಿತು. ಆದರೆ ಅದರೊಡನೆ ವಿಚಾರಣಾ ಆಯೋಗವನ್ನೂ ಕಳಿಸಿತು. ಆಯೋಗದವರು ಊರೂರಿಗೆ ಹೋಗಿ ರೈತರ ಮಾತು ಕೇಳಿದರು. ದೂರಿನಲ್ಲಿ ಹುರುಳಿದೆಯೆಂದು ಒಪ್ಪಿದರು. 1844ರ ಕಾನೂನು ದಕ್ಷಿಣ ವೇಲ್ಸ್‌ನ ಟ್ರಸ್ಟುಗಳನ್ನು ಕೂಡಿಸಿ ಜಿಲ್ಲಾ ಮಂಡಲಿಗಳ ಕೈಗೆ ಕೊಟ್ಟಿತು, ದರಗಳನ್ನು ಏಕರೂಪಗೊಳಿಸಿತು, ಸುಣ್ಣದ ಬಂಡಿಯ ಸುಂಕವನ್ನು ಅರ್ಧಕ್ಕೆ ಇಳಿಸಿತು, ಏಳು ಮೈಲಿಗೆ ಒಂದೇ ಸಲ ಸುಂಕವೆಂದು ಕಟ್ಟು ಮಾಡಿತು. ಸುಖದುಃಖವನ್ನು ಕೇಳಿಸಿಕೊಂಡ ಮೇಲೆ ಗೇಟು ಕಡಿಯುವ ಕೆಲಸ ತಾನಾಗಿ ನಿಂತಿತು. ರೈಲು ಬಂದು ಟ್ರಸ್ಟುಗಳ ಆದಾಯ ಬತ್ತಿ, 1895ರಲ್ಲಿ ಕೊನೆಯ ಟ್ರಸ್ಟೂ ಮುಚ್ಚಿತು.

ಆ ಪಾಠದ ನೆರಳೋ ಎಂಬಂತೆ ಭಾರತದ 1851ರ ಟೋಲ್ ಕಾನೂನಿನಲ್ಲಿ ಒಂದು ಸಣ್ಣ ವಿಧಿಯಿದೆ. ಪ್ರತಿ ಗೇಟಿನ ಬಳಿ ದರದ ಪಟ್ಟಿಯನ್ನು ಎದ್ದು ಕಾಣುವಂತೆ, ಇಂಗ್ಲಿಷಿನಲ್ಲಷ್ಟೇ ಅಲ್ಲದೆ ಆ ಜಿಲ್ಲೆಯ ದೇಶಭಾಷೆಯಲ್ಲಿಯೂ ಬರೆದು ಹಾಕಬೇಕು. ಸುಂಕ ಕೊಡದವನಿಗೆ ಏನು ಶಿಕ್ಷೆ ಎಂಬುದರ ಜೊತೆಗೆ, ಅಕ್ರಮವಾಗಿ ಸುಂಕ ತೆಗೆದುಕೊಂಡವನಿಗೆ ಏನು ಶಿಕ್ಷೆ ಎಂಬುದನ್ನೂ ಅದೇ ಫಲಕದಲ್ಲಿ ಬರೆಯಬೇಕು. ಎರಡು ಕಡೆಯವರ ಹೊಣೆ ಒಂದೇ ಹಲಗೆಯ ಮೇಲೆ!

ಇಂದಿನ ರಾಷ್ಟ್ರೀಯ ಹೆದ್ದಾರಿಗಳ ಶುಲ್ಕಕ್ಕೆ ಆಧಾರ 2008ರ ನಿಯಮಗಳು. ವೇಲ್ಸ್‌ನ ಏಳು ಮೈಲಿಯಂತೆ ಇಲ್ಲಿ 60 ಕಿಲೋಮೀಟರಿನ ಎಲ್ಲೆಯುಂಟು: ಅದೇ ದಾರಿಯಲ್ಲಿ ಅದೇ ದಿಕ್ಕಿಗೆ ಅಷ್ಟು ದೂರದೊಳಗೆ ಇನ್ನೊಂದು ಕಟ್ಟೆ ಇರಬಾರದು, ಇದ್ದರೆ ಕಾರಣವನ್ನು ಲಿಖಿತವಾಗಿ ಕೊಡಬೇಕು. ಇಪ್ಪತ್ತನಾಲ್ಕು ಗಂಟೆಯೊಳಗೆ ಮರಳಿ ಬರುವವನಿಗೆ ಎರಡು ಪಟ್ಟಿಗೆ ಬದಲು ಒಂದೂವರೆ ಪಟ್ಟು ಶುಲ್ಕ, ಹತ್ತಿರದ ನಿವಾಸಿಗೆ ತಿಂಗಳ ಪಾಸು, ಇವೆಲ್ಲ ನಿಯಮದಲ್ಲಿವೆ. ಪ್ರಯಾಣಿಕನ ತಿಳಿವಳಿಕೆಯಲ್ಲಿ ಎಷ್ಟರ ಮಟ್ಟಿಗೆ ಇವೆಯೆಂಬುದೇ ಪ್ರಶ್ನೆ. 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯವಾಗಿ, ಗಾಜಿನ ಮೇಲೆ ಅಂಟಿಸಿದ ಚೀಟಿಯಿಂದ ಹಣ ತಾನಾಗಿ ಸಂದಾಯವಾಗತೊಡಗಿತು. ಸಾಲು ಕರಗಿತು, ಚಿಲ್ಲರೆಯ ಜಗಳ ನಿಂತಿತು. ಜವಾಬುದಾರಿಯ ಜಗಳ ನಿಲ್ಲಲಿಲ್ಲ. 2023ರ ಮಾರ್ಚ್ 14ರಂದು ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ವಸೂಲಿ ಆರಂಭವಾದಾಗ, ಪಕ್ಕದ ಸರ್ವಿಸ್ ರಸ್ತೆಗಳು ಮುಗಿಯುವ ಮೊದಲೇ ಹಣ ಕೇಳುವುದು ಸರಿಯೆ ಎಂದು ಜನ ಬೀದಿಗಿಳಿದರು. 2025ರ ಆಗಸ್ಟ್‌ನಲ್ಲಿ ಕೇರಳದ ಉಚ್ಚ ನ್ಯಾಯಾಲಯ ತೃಶ್ಶೂರು ಜಿಲ್ಲೆಯ ಪಾಲಿಯೆಕ್ಕರದ ಕಟ್ಟೆಯಲ್ಲಿ ವಸೂಲಿಯನ್ನೇ ತಡೆಹಿಡಿಯಿತು: ರಸ್ತೆ ಸಂಚಾರಕ್ಕೆ ಯೋಗ್ಯವಾಗಿಲ್ಲದಾಗ ಶುಲ್ಕ ಕೇಳುವ ಹಕ್ಕಿಲ್ಲ ಎಂಬುದು ಅದರ ನಿಲುವು. ಸರ್ವೋಚ್ಚ ನ್ಯಾಯಾಲಯವೂ ಆ ಆಜ್ಞೆಯನ್ನು ಬದಲಿಸಲು ಒಪ್ಪಲಿಲ್ಲ. ವಸೂಲಿಗೆ ಮತ್ತೆ ಅನುಮತಿ ದೊರೆತದ್ದು ಅಕ್ಟೋಬರಿನಲ್ಲಿ. ಅಂತಪಾಲನಿಗೆ ಕೌಟಿಲ್ಯ ಹೊರಿಸಿದ್ದ ಹೊಣೆಯೇ ಹೊಸ ಭಾಷೆಯಲ್ಲಿ ಮರಳಿ ಬಂದಂತಾಯಿತು.

ನಗರಗಳಲ್ಲಿ ಈಗ ಇನ್ನೊಂದು ಬಗೆಯ ಸುಂಕ ಕಾಣಿಸಿಕೊಂಡಿದೆ. ಸಿಂಗಪುರ 1975ರಲ್ಲಿ ಪೇಟೆಯ ಒಳಭಾಗಕ್ಕೆ ಬೆಳಗಿನ ಹೊತ್ತು ಬರುವ ಕಾರುಗಳಿಗೆ ಹಣ ಗೊತ್ತುಮಾಡಿತು. ಲಂಡನ್ 2003ರ ಫೆಬ್ರವರಿ 17ರಂದು ದಿನಕ್ಕೆ 5 ಪೌಂಡಿನಂತೆ ಆರಂಭಿಸಿತು. 2026ರ ಜನವರಿಯಲ್ಲಿ ಅದು 18 ಪೌಂಡ್ ಆಯಿತು. ಇಲ್ಲಿ ಗೇಟಿಲ್ಲ, ಕಾವಲುಗಾರನಿಲ್ಲ. ಕ್ಯಾಮೆರಾ ವಾಹನದ ಸಂಖ್ಯೆಯನ್ನು ಓದಿಕೊಳ್ಳುತ್ತದೆ. ಹಳೆಯ ಸುಂಕ ರಸ್ತೆ ಕಟ್ಟಿದ್ದಕ್ಕೆ ಬೆಲೆ; ಇದು ರಸ್ತೆಯಲ್ಲಿ ಇತರರ ಜಾಗವನ್ನು ಹಿಡಿದುದಕ್ಕೆ ಬೆಲೆ. ಲಂಡನ್ನಿನಲ್ಲಿ ಈ ಹಣ ಸಾರಿಗೆಗೇ ಸಲ್ಲಬೇಕೆಂದು ಕಟ್ಟು ಮಾಡಿದರು. ಸ್ಟಾಕ್‌ಹೋಮ್ ನಗರ 2006ರಲ್ಲಿ ಏಳು ತಿಂಗಳ ಕಾಲ ಪ್ರಯೋಗವಾಗಿ ನಡೆಸಿ, ನಿಲ್ಲಿಸಿ, ನಾಗರಿಕರ ಮತ ಕೇಳಿತು. ದಟ್ಟಣೆ ಇಳಿದುದನ್ನು ಕಣ್ಣಾರೆ ಕಂಡ ನಗರದ ಜನ ಹೌದೆಂದರು. 2007ರಲ್ಲಿ ಅದು ಸ್ಥಿರವಾಯಿತು. ಬೆಂಗಳೂರಿಗೂ ಇಂಥ ಶುಲ್ಕ ಬೇಕೆಂಬ ಸಲಹೆ ಆಗಾಗ ಕೇಳಿಬರುವುದರಿಂದ, ಲಂಡನ್ನಿನ ದರಕ್ಕಿಂತ ಸ್ಟಾಕ್‌ಹೋಮಿನ ಕ್ರಮ ನಮಗೆ ಹೆಚ್ಚು ಮನನಯೋಗ್ಯ.

ಸುಂಕವಿಲ್ಲದೆ ದಾರಿಯಿಲ್ಲ, ಇಷ್ಟು ಶತಮಾನಗಳ ಇತಿಹಾಸ ಇದನ್ನು ಸ್ಪಷ್ಟಪಡಿಸುತ್ತದೆ. ಯಾವುದಕ್ಕೆ, ಎಷ್ಟು, ಎಲ್ಲಿಯವರೆಗೆ ಎಂಬುದನ್ನು ತಿಳಿದು ಕೊಡುವ ಹಣವನ್ನು ಜನ ಸಾಮಾನ್ಯವಾಗಿ ತಕರಾರಿಲ್ಲದೆ ಕೊಟ್ಟಿದ್ದಾರೆ. ತಿಳಿಯದೆ ಕೊಟ್ಟುದಕ್ಕೆ ಗೇಟು ಕಡಿದಿದ್ದಾರೆ. ಈಗ ಸುಂಕದವನ ಮನುಷ್ಯರೂಪವೇ ಮರೆಯಾಗುತ್ತಿದೆ. ಚೀಟಿಗೂ ಕ್ಯಾಮೆರಾಕ್ಕೂ ಕಿವಿಯಿಲ್ಲ. ಆದುದರಿಂದ, ಕೇಳುವ ಕಿವಿಯೊಂದು ಕಾನೂನಿನಲ್ಲಿಯೂ ಕಛೇರಿಯಲ್ಲಿಯೂ ಇರಲೇಬೇಕೆಂದು ಒತ್ತಾಯಿಸುವುದು, ಹಾಗೂ ದಾರಿಬದಿಯ ಆ ಫಲಕವನ್ನು ಒಮ್ಮೆ ನಿಂತು ಪೂರ್ತಿಯಾಗಿ ಓದುವುದು, ಹಣ ಕೊಡುವ ನಮ್ಮ ಪಾಲಿಗೆ ಬಂದಿರುವ ಕೆಲಸ.