ಫಂಕ್: ಬೆವರು ಒರೆಸಿಕೊಳ್ಳದ ಪದ

ಫಂಕ್ ಎಂದರೆ ಮೊದಲಿಗೆ ನಾತ. 17ನೇ ಶತಮಾನದ ಇಂಗ್ಲಿಷಿನಲ್ಲಿ ತಂಬಾಕಿನ ಹೊಗೆಯ ಕಮಟು ವಾಸನೆಗೆ ಹೀಗೆನ್ನುತ್ತಿದ್ದರು. ಈ ಬೈಗುಳದಂಥ ಪದವನ್ನು ಹೊಗಳಿಕೆಯಾಗಿ ತಿರುಗಿಸಿದವರು ಅಮೆರಿಕದ ಕಪ್ಪು ಜನ. 1900ರ ಆಸುಪಾಸಿನಲ್ಲಿ ನ್ಯೂ ಆರ್ಲಿಯನ್ಸ್‌ನ ಕಾರ್ನೆಟ್ ವಾದಕ ಬಡ್ಡಿ ಬೋಲ್ಡನ್ ನುಡಿಸುತ್ತಿದ್ದ ಒಂದು ಸಭಾಂಗಣಕ್ಕೆ ‘ಫಂಕಿ ಬಟ್ ಹಾಲ್’ ಎಂಬ ಅಡ್ಡಹೆಸರೇ ಇತ್ತು. ಕಲಾ ಇತಿಹಾಸಕಾರ ರಾಬರ್ಟ್ ಫ್ಯಾರಿಸ್ ಥಾಂಪ್ಸನ್ ಇನ್ನೂ ಹಿಂದಕ್ಕೆ ಹೋಗಿ ಆಫ್ರಿಕಾದ ಕಿಕಾಂಗೋ ಭಾಷೆಯ ‘ಲು-ಫುಕಿ’ಯತ್ತ ಬೆರಳು ತೋರಿದರು. ಅದೂ ಮೈನಾತವೇ, ಆದರೆ ಮನಸಾರೆ ದುಡಿದವರ ಬೆವರಿಗೆ ಸಲ್ಲುವ ಗೌರವವೂ ಅದರಲ್ಲಿದೆ. ವ್ಯುತ್ಪತ್ತಿ ಅದೇ ಹೌದೋ ಅಲ್ಲವೋ, ಫಂಕ್ ಸಂಗೀತ ಕೇಳಿದವರಿಗೆ ಆ ಅರ್ಥ ಒಪ್ಪುತ್ತದೆ.

1953ರಲ್ಲಿ ಪಿಯಾನೊ ವಾದಕ ಹೊರೇಸ್ ಸಿಲ್ವರ್ ತನ್ನ ರಚನೆಯೊಂದನ್ನು ‘ಓಪಸ್ ಡಿ ಫಂಕ್’ ಎಂದು ಕರೆದ. ಆ ಹೊತ್ತಿಗೆ ಜಾಝ್‌ನವರ ಬಾಯಲ್ಲಿ ಇದು ಚರ್ಚಿನ ಹಾಡು, ಬ್ಲೂಸ್‌ಗಳ ಮಣ್ಣಿಗೆ ಮರಳುವ ಮಾತು.

ಪದಕ್ಕೆ ಈಗಿನ ಮೈಕಟ್ಟು ಕೊಟ್ಟವನು ಗಾಯಕ ಜೇಮ್ಸ್ ಬ್ರೌನ್. 1967ರ ಅವನ ಹಾಡಿನ ಹೆಸರೇ ‘ಕೋಲ್ಡ್ ಸ್ವೆಟ್’, ತಣ್ಣನೆಯ ಬೆವರು. ಅಲ್ಲಿ ರಾಗ, ಸ್ವರಮೇಳಗಳು ಹಿಂದೆ ಸರಿದು, ಗಿಟಾರ್, ಬೇಸ್, ತುತ್ತೂರಿ ಎಲ್ಲವೂ ಚರ್ಮವಾದ್ಯದಂತೆ ಬಡಿಯತೊಡಗುತ್ತವೆ. ಪ್ರತಿ ಆವರ್ತದ ಮೊದಲ ಪೆಟ್ಟಿಗೆ ಅವನು ಕೊಟ್ಟ ಹೆಸರು ‘ದ ಒನ್’. ನಡುವೆ ಯಾರು ಎಲ್ಲಿಗಾದರೂ ಹೋಗಲಿ, ಒಂದಕ್ಕೆ ಎಲ್ಲರೂ ಕೂಡಲೇಬೇಕು. ತನಿ ಆವರ್ತನದಲ್ಲಿ ಮೃದಂಗದವರು ‘ಸಮ’ಕ್ಕೆ ಬಂದಿಳಿಯುವುದನ್ನು ಕಾಯುತ್ತಾ ತೊಡೆ ತಟ್ಟುವ ನಮ್ಮವರಿಗೆ ಈ ಸುಖ ವಿವರಿಸಬೇಕಿಲ್ಲ. ಒಂದು ವ್ಯತ್ಯಾಸವಿದೆ: ಅಲ್ಲಿ ಸಮಕ್ಕಾಗಿ ಬಹಳ ಹೊತ್ತು ಕಾಯಿಸುವುದಿಲ್ಲ, ಮತ್ತೆ ಮತ್ತೆ ಅದೇ ಜಾಗಕ್ಕೆ ಗುದ್ದುತ್ತಾರೆ. ಕುಣಿಯುವ ಕಾಲಿಗೆ ಬೇಕಾದದ್ದೂ ಅದೇ.

1970ರಲ್ಲಿ ಹೊರಬಂದ ಬ್ರೌನ್‌ನ ‘ಫಂಕಿ ಡ್ರಮ್ಮರ್’ ಹಾಡಿನಲ್ಲಿ ಅವನ ತಂಡದ ಡ್ರಮ್ಮರ್ ಕ್ಲೈಡ್ ಸ್ಟಬಲ್‌ಫೀಲ್ಡ್ ಒಂಟಿಯಾಗಿ ನುಡಿಸಿದ ಕೆಲವೇ ಸೆಕೆಂಡುಗಳ ಡ್ರಮ್ಸ್ ಇದೆ. ಮುಂದೆ ಹಿಪ್-ಹಾಪ್‌ನವರು ಅದನ್ನು ಕತ್ತರಿಸಿ, ಸುತ್ತಿಸಿ, ಲೆಕ್ಕವಿಲ್ಲದಷ್ಟು ಹಾಡುಗಳಿಗೆ ತಳಪಾಯ ಮಾಡಿಕೊಂಡರು. ಆದರೆ ರಚನಕಾರನೆಂದು ದಾಖಲಾದದ್ದು ಬ್ರೌನ್ ಹೆಸರು ಮಾತ್ರ. ಆ ತುಣುಕಿನ ಗಳಿಕೆಯಲ್ಲಿ ಡ್ರಮ್ಮರ್‌ಗೆ ದಕ್ಕಿದ್ದು ಬಹಳ ಕಡಿಮೆ. ಇದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ. ಕಾನೂನು ರಾಗವನ್ನೂ ಸಾಹಿತ್ಯವನ್ನೂ ಕೃತಿಯೆಂದು ಒಪ್ಪುತ್ತದೆ, ಬಡಿತವನ್ನು ಒಪ್ಪಲು ಹಿಂಜರಿಯುತ್ತದೆ. ಫಂಕ್‌ನಲ್ಲಾದರೋ ಬಡಿತವೇ ಕೃತಿ.