ತೇಜೂರಿನ ಸುಬೇದಾರರೂ ಸಿಯಾಚಿನ್ ಹಿಮವೂ

ನಮ್ಮ ಬಾಳ್ಳುಪೇಟೆಯ ಕಡೆ ದಾರಿ ಕಟ್ಟುವುದೆಂದರೆ ಮಳೆಗಾಲದಲ್ಲಿ ಮರ ಉರುಳುವುದು, ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿಯುವುದು. ಹಿಮವು ದಾರಿ ಕಟ್ಟುವ ಬಗೆ ನಮಗೆ ಅಪರಿಚಿತ. ಆದರೂ ಅದು ನಮ್ಮ ಜಿಲ್ಲೆಯ ಮನೆಯೊಂದನ್ನು ಮುಟ್ಟಿದ್ದುಂಟು.

2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದ ಸೋನಮ್ ಠಾಣೆಯ ಮೇಲೆ ಹಿಮರಾಶಿ ಕುಸಿದು ಮದ್ರಾಸ್ ರೆಜಿಮೆಂಟಿನ 19ನೆಯ ಬೆಟಾಲಿಯನ್ನಿನ ಹತ್ತು ಮಂದಿ ಹೂತುಹೋದರು. ಅವರಲ್ಲಿ ಮೂವರು ಕನ್ನಡಿಗರು: ಹಾಸನ ಜಿಲ್ಲೆಯ ತೇಜೂರಿನ ಸುಬೇದಾರ್ ನಾಗೇಶ, ಎಚ್.ಡಿ. ಕೋಟೆ ಕಡೆಯ ಮಹೇಶ, ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ.

1984ರ ಏಪ್ರಿಲ್‌ನಲ್ಲಿ ನಮ್ಮ ಸೇನೆ ಸಿಯಾಚಿನ್ ಏರಿದಂದಿನಿಂದ ಅಲ್ಲಿ ಗುಂಡಿಗಿಂತ ಹವೆಗೆ ಬಲಿಯಾದವರೇ ಹೆಚ್ಚು. ಆ ಎತ್ತರಕ್ಕೆ ರಸ್ತೆಯಿಲ್ಲ, ಹೆಲಿಕಾಪ್ಟರೇ ಗತಿ. ತೆಳುವಾದ ಗಾಳಿಯಲ್ಲಿ ಅದು ಎತ್ತುವ ಭಾರವೂ ಅಲ್ಪ. ಹಿಮಗಾಳಿ ಎದ್ದರೆ ಹಾರುವಂತೆಯೇ ಇಲ್ಲ. ರಕ್ಷಣಾ ತಂಡದವರು ಕಾಂಕ್ರೀಟಿನಷ್ಟು ಗಟ್ಟಿಯಾದ ಮಂಜುಗಡ್ಡೆಯನ್ನು ಕೊರೆಯಬೇಕಾಯಿತು. 8ರಂದು ಸುಮಾರು 25 ಅಡಿ ಆಳದಲ್ಲಿ ಹನುಮಂತಪ್ಪನವರು ಜೀವಂತವಾಗಿ ಸಿಕ್ಕರು. 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಕಣ್ಮುಚ್ಚಿದರು. ಪತ್ರಿಕೆಗಳು ಅವರನ್ನು ಕುರಿತು ಬಹಳ ಬರೆದವು; ಅದು ಸರಿಯೇ. ಆದರೆ ನಾಗೇಶರ ಹೆಸರು ನಮ್ಮ ಜಿಲ್ಲೆಯಲ್ಲಿಯೇ ಎಷ್ಟು ಜನಕ್ಕೆ ನೆನಪಿದೆ? ನನ್ನ ಹಳೆಯ ವಿದ್ಯಾರ್ಥಿಗಳು ತಮ್ಮ ಮಕ್ಕಳಿಗಾದರೂ ಹೇಳಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಉಳಿದ ಒಂಬತ್ತು ಮಂದಿಯ ಪಾರ್ಥಿವ ಶರೀರಗಳು ದೊರೆತ ಮೇಲೂ ಹವೆ ಬಿಡುವು ಕೊಡದೆ ಅವನ್ನು ಕೆಳಗಿಳಿಸುವುದು ತಡವಾಯಿತು. ಅವು ದೆಹಲಿಗೆ ಬಂದದ್ದು 15ರಂದು. ಅಷ್ಟರಲ್ಲಿ ಹಿಮ ಕುಸಿದು ಹನ್ನೆರಡು ದಿನಗಳಾಗಿದ್ದವು. ತೇಜೂರಿನ ದಾರಿ ಇನ್ನೂ ಬಾಕಿಯಿತ್ತು.